ಮೇಷ್ಟ್ರು ಕಲಿಸಿದ ಪ್ರಾಗ್ಮ್ಯಾಟಿಕ್

ಜನವರಿಯ ಚಳಿ, ಬೆಳಗ್ಗೆ ಹತ್ತೂವರೆ. ದಿಲ್ಲಿ ಪಕ್ಕದ ಇಂದಿರಾಪುರಂನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಬೆಂಚಿಗೆ ಬಿಸಿಲು ಬೀಳುತ್ತಿದ್ದುದು ಆಗಲೇ. ಅಳಿಯ ತೀರಿಕೊಂಡು ತಿಂಗಳಾಗಿತ್ತು. ಮೊಮ್ಮಗಳು ಗಾನವಿಯನ್ನು ನೋಡಿಕೊಳ್ಳಲೆಂದು ನಾನು ಊರಿಂದ ಬಂದಿದ್ದೆ. ಅವಳು ಶಾಲೆಗೆ, ಮಗಳು ಸುಮಿತ್ರಾ ಆಫೀಸಿಗೆ ಹೋದರೆ ಮಾತಿಗೆ ಜನವಿಲ್ಲ.

ಬೆಂಚಿನಲ್ಲಿ ಒಬ್ಬರು ಕನ್ನಡ ಪುಸ್ತಕ ಹಿಡಿದು ಕೂತಿದ್ದರು. ದತ್ತಾತ್ರೇಯ, ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಹೆಂಡತಿ ತೀರಿಹೋಗಿ ಒಂಟಿ ಎಂಬುದೆಲ್ಲ ಆಮೇಲೆ ತಿಳಿದದ್ದು.

“ಪ್ರಾಗ್ಮ್ಯಾಟಿಕ್ ಅಂದ್ರೆ ಬೈಗುಳವಾ?” ಎಂದು ಕೇಳಿದೆ.

“ಯಾರಿಗಂದ್ರು?”

“ನಂಗೇ. ಅಮ್ಮ ತುಂಬಾ ಪ್ರಾಗ್ಮ್ಯಾಟಿಕ್ ಅಂತ ಮಗಳು ಫೋನಲ್ಲಿ ಹೇಳ್ತಿದ್ಲು. ಅಳಿಯನ ಬಟ್ಟೆ ಎಲ್ಲಾ ಬೇಗ ಕೊಟ್ಟುಬಿಟ್ಟೆ, ಅದಕ್ಕಿರಬೇಕು.”

“ಆಗಬೇಕಾಗಿತ್ತು ಅನ್ನೋದನ್ನ ಬಿಟ್ಟು, ಆಗೋದನ್ನ ನೋಡೋರು ಅಂತ. ಕೆಲವರು ಹೊಗಳೋಕೆ ಬಳಸ್ತಾರೆ, ಕೆಲವರು ಕಲ್ಲೆದೆ ಅನ್ನೋಕೆ.”

“ನನ್ನ ಮಗಳು ಯಾವುದಕ್ಕೆ?”

ಅವರು ಕನ್ನಡಕ ಕೆಳಗಿಳಿಸಿ ನನ್ನ ಮುಖವನ್ನು ನಿಧಾನವಾಗಿ ನೋಡಿದರು. “ಪೂರ್ತಿ ಹೇಳೋಕೆ ಇನ್ನೂ ನಾಲ್ಕು ದಿನ ನೋಡ್ಬೇಕು.”

ನಾಚಿಕೆಯಾಗಿ ಸೆರಗು ಸರಿಮಾಡಿಕೊಂಡೆ. ನಾಲ್ಕು ದಿನ ಹೋಗಿ ಹತ್ತು ತಿಂಗಳಾಯಿತು.

ಅಕ್ಟೋಬರ್ ಬಂದಂತೆ ಅವರ ಕೆಮ್ಮು ಹೆಚ್ಚಿತು. ಗಾಳಿ ಹೇಗಿದೆಯೆಂದು ಬಣ್ಣದಲ್ಲಿ ತೋರಿಸುವ ಆ್ಯಪನ್ನು ಮಗಳು ನನ್ನ ಫೋನಿಗೆ ಹಾಕಿಕೊಟ್ಟಿದ್ದಳು. ಅಲ್ಲಿನ ಇಂಗ್ಲಿಷ್ ನನಗೆ ಓದಲು ಬಾರದು. ಮೇಷ್ಟ್ರು ಹೇಳಿಕೊಟ್ಟರು: “ಕೆಂಪು ಬಂದ್ರೆ ಮನೇಲಿರಿ. ನೇರಳೆ ಬಂದ್ರೆ ಅಡ್ಡಿಯಿಲ್ಲ, ಬನ್ನಿ.”

ದೀಪಾವಳಿ ಕಳೆದ ಮೇಲೆ ದಿನವೂ ನೇರಳೆಯೇ. ಕಣ್ಣು ಉರಿದರೆ, ಮಂಜು ಎನ್ನುತ್ತಿದ್ದರು ಮೇಷ್ಟ್ರು. ನಾನು ಸಂತೋಷದಿಂದ ಹೋಗಿ ಕೂರುತ್ತಿದ್ದೆ.

ಒಂದು ಸೋಮವಾರ ಹೊಗೆ ಹೆಚ್ಚಾಗಿ ಶಾಲೆ ಮುಚ್ಚಿದರು. ಚಪ್ಪಲಿ ಮೆಟ್ಟುತ್ತಿದ್ದವಳನ್ನು ಗಾನವಿ ತಡೆದಳು.

“ಅಜ್ಜಿ, ಬಾಹರ್ ಮತ್ ಜಾವೋ, ಹೋಗ್ಬೇಡ. ನೋಡು, ಪರ್ಪಲ್ ಇದೆ.”

“ನೇರಳೆ ಒಳ್ಳೇದಲ್ವೇನೇ?”

“ಅರೇ, ಅದು ರೆಡ್‌ಗಿಂತ ಖರಾಬ್.”

ಹೋಗಿ ಅವರೆದುರು ನಿಂತೆ. “ಸುಳ್ಳು ಯಾಕೆ ಹೇಳಿದ್ರಿ ಮೇಷ್ಟ್ರೇ?”

ಅವರು ಕೆಮ್ಮಿ ಸುಧಾರಿಸಿಕೊಂಡು ಹೇಳಿದರು: “ನಿಜ ಹೇಳಿದ್ರೆ ನೀವು ಬರ್ತಿರ್ಲಿಲ್ಲ.”

“ಡಾಕ್ಟ್ರು ಏನಂದಿದ್ದಾರೆ?”

“ದೀಪಾವಳಿಗೆ ಮುಂಚೆ ದಿಲ್ಲಿ ಬಿಡಿ ಅಂದ್ರು. ಇನ್ನೊಂದು ಚಳಿಗಾಲ ಈ ಎದೆ ತಡೆಯಲ್ವಂತೆ. ಚಿತ್ರದುರ್ಗದಲ್ಲಿ ತಂಗಿ ಇದ್ದಾಳೆ.” ನನ್ನ ಕಡೆ ತಿರುಗಿ, “ನೀವೂ ಬನ್ನಿ ಲೀಲಮ್ಮ. ಈ ವಯಸ್ಸಿನಲ್ಲಿ ಯಾರು ಏನಂದ್ರೂ ನಂಗೆ ಚಿಂತೆಯಿಲ್ಲ” ಎಂದರು.

ಹತ್ತು ತಿಂಗಳು ಕಾದಿದ್ದ ಮಾತು. ಮೇಲೆ ನಮ್ಮ ಬಾಲ್ಕನಿಯಲ್ಲಿ ಗಾನವಿ ನಿಂತಿದ್ದಳು. ರಾತ್ರಿ ಅಪ್ಪನನ್ನು ಕೇಳಿ ಅಳುವ ಮಗು.

“ನಾನು ಬರೋಕಾಗಲ್ಲ.”

“ಹಾಗಿದ್ರೆ ನಾನೂ ಹೋಗಲ್ಲ.”

“ಇದ್ರೂ ನನ್ನನ್ನ ನೋಡೋಕಾಗಲ್ಲ. ನಾಳೆಯಿಂದ ನಾನು ಕೆಳಗೇ ಇಳಿಯಲ್ಲ.”

“ಅಷ್ಟೇನಾ ನಿಮಗೆ?”

“ನಿಮ್ಮ ಮೇಲೆ ಪ್ರಾಣ ಇಟ್ಕೊಂಡಿರೋದಕ್ಕೇ ಹೇಳ್ತಿರೋದು. ಹೊರಡಿ.”

ಮಂಗಳವಾರ ಅವರು ಬೆಂಚಿನಲ್ಲಿ ಒಂದು ಗಂಟೆ ಕಾದರು. ಬಾಲ್ಕನಿಯ ಬಾಗಿಲ ಹಿಂದೆ ನಿಂತು ನೋಡಿದೆ. ಕೆಮ್ಮಿದಾಗ ಬೆನ್ನು ಬಾಗುತ್ತಿತ್ತು. ಫೋನು ರಿಂಗಾಯಿತು, ಎತ್ತಲಿಲ್ಲ. ಬುಧವಾರ ಅರ್ಧ ಗಂಟೆ ಕಾದು ಎದ್ದು ಹೋದರು. ಸಂಜೆ ಗಾರ್ಡ್ ಭಯ್ಯಾ ಹೇಳಿದ, ಅಂಕಲ್‌ಜಿ ನಾಳೆ ಹೊರಡುತ್ತಾರೆಂದು.

ಮರುದಿನ ಬೆಳಗ್ಗೆ ಇಳಿದೆ. ಟ್ಯಾಕ್ಸಿಯ ಬಾಗಿಲು ತೆರೆದಿತ್ತು. ಅವರು ನನ್ನನ್ನು ಕಂಡು ಏನೋ ಹೇಳಲೆಂದು ಮಾಸ್ಕನ್ನು ಗಲ್ಲದವರೆಗೆ ಎಳೆದರು. ನಾನು ಕೈ ಚಾಚಿ ಅದನ್ನು ಮತ್ತೆ ಮೂಗಿನ ಮೇಲಕ್ಕೆ ಏರಿಸಿದೆ. ಅವರ ಕೆನ್ನೆಯನ್ನು ನಾನು ಮುಟ್ಟಿದ್ದು ಅದೊಂದೇ ಸಲ.

ಮೇಷ್ಟ್ರು ದಿಲ್ಲಿ ಬಿಟ್ಟದ್ದು ನವೆಂಬರ್ ಇಪ್ಪತ್ತೊಂದು, ಗುರುವಾರ.