ಸುಂಕದಕಟ್ಟೆ ದಾಟದ ವೀಸಾ

ಶಟರ್ ನನ್ನ ಕಾಲಿನ ಮೇಲೇ ಇಳಿಯುತ್ತಿತ್ತು.

ಹೆಲ್ಮೆಟ್ ಬಿಚ್ಚಿ ಅಡಿಗೆ ತೂರಿಸಿದೆ. ಕರ್ರ್... ನಿಂತಿತು!

"ಮೇಡಂ, ತೆಗೀರಿ! ಪುಡಿಪುಡಿ ಆಗುತ್ತೆ!"

ಒಳಗಿದ್ದವನು ಮುನಿವೆಂಕಟಪ್ಪ. ವೀಸಾ ಏಜೆಂಟ್ ಗೋಪೀನಾಥ ಸಾಕಿಕೊಂಡ ಆಳು. ಬಾಗಿಲಿನಷ್ಟೇ ಅಗಲ.

"ಐಎಸ್‌ಐ ಮಾರ್ಕ್ ಇದೆ. ಟ್ರೈ ಮಾಡಿ."

"ಬಾಸ್ ಇಲ್ಲ."

"ಬಾಸ್ ಚಪ್ಪಲಿ ಇಲ್ಲೇ ಇದೆಯಲ್ಲ."

ಅವನು ಚಪ್ಪಲಿಯನ್ನು ಕಾಲಿನಿಂದ ಮೂಲೆಗೆ ತಳ್ಳಿದ.

"ಹೆಂಗಸು ಅಂತ ಸುಮ್ನಿದೀನಿ. ನಿಮ್ಮ ಮನೆ ಎಲ್ಲಿ ಅಂತ ನಂಗೊತ್ತು!"

"ಬಸವೇಶ್ವರನಗರ. ಬನ್ನಿ, ಕಾಫಿ ಕೊಡ್ತೀನಿ."

ಇದನ್ನು ಧೈರ್ಯ ಎಂದುಕೊಳ್ಳಬೇಡಿ. ಗಂಡ ಚನ್ನವೀರೇಶ್ ತೀರಿಕೊಂಡ ಮೇಲೆ ನನಗೆ ಹೆದರಿಕೆ ಆಗುವುದು ನಿಂತುಹೋಗಿದೆ. ಹಸಿವೂ ಹಾಗೆಯೇ. ಕೆಲಸ ಮಾತ್ರ ಬೇಕು.

ಕೆಲಸ ಸಿಕ್ಕಿಯೂ ಇತ್ತು. ಮಸ್ಕತ್‌ನ ಒಂದು ಶಾಲೆ. ಹೈಸ್ಕೂಲಿಗೆ ಕೆಮಿಸ್ಟ್ರಿ ಟೀಚರ್. ನನ್ನ ಎಂ.ಎಸ್ಸಿ. ಮೊದಲ ಬಾರಿಗೆ ಯಾರಿಗೋ ಬೇಕಾಗಿತ್ತು. ಪಾಸ್‌ಪೋರ್ಟನ್ನು ವೀಸಾ ಸ್ಟಾಂಪಿಂಗ್‌ಗೆಂದು ರಾಜಾಜಿನಗರದ ಈ ಗೋಪೀನಾಥನ ಕೈಗೆ ಕೊಟ್ಟೆ.

ವಾಪಸ್ ಬರಲಿಲ್ಲ.

"ಸರ್ವರ್ ಡೌನ್ ಮೇಡಂ." "ಎಂಬಸಿ ರಜಾ ಮೇಡಂ." "ನಾಳೆ ಪಕ್ಕಾ ಮೇಡಂ."

ಇವತ್ತು ಬೆಳಿಗ್ಗೆ ಶಾಲೆಯಿಂದ ಮೇಲ್ ಬಂತು. ವಿಷಾದಿಸುತ್ತೇವೆ... ಹುದ್ದೆಯನ್ನು ಬೇರೆಯವರಿಗೆ ಕೊಡುತ್ತಿದ್ದೇವೆ.

ಚಾಕ್‌ಪೀಸ್ ಮುಟ್ಟುವ ಮೊದಲೇ ಡಿಸ್ಮಿಸ್!

ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಗಡಿಬಿಡಿಯ ಹೆಂಗಸು, ಆದರೆ ಕಲ್ಲಲ್ಲ. "ಸಂಜೆಯೊಳಗೆ ವೀಸಾ ಪುಟದ ಫೋಟೊ ಕಳಿಸಿ. ನಾನು ಮ್ಯಾನೇಜ್‌ಮೆಂಟ್ ಜೊತೆ ಜಗಳ ಆಡ್ತೀನಿ" ಎಂದರು.

ಒಂದು ಫೋಟೊ. ನನ್ನ ನೌಕರಿ ಈಗ ಅಷ್ಟರಲ್ಲಿ ನಿಂತಿತ್ತು.

ಕಟ್ಟಡದ ಹಿಂಭಾಗದಲ್ಲಿ ಸ್ಕೂಟರ್ ಸ್ಟಾರ್ಟ್ ಆದ ಸದ್ದು!

ಹೆಲ್ಮೆಟ್ ಎಳೆದುಕೊಂಡು ಓಡಿದೆ. ಗೋಪೀನಾಥ ಬರಿಗಾಲಲ್ಲಿ ಸ್ಕೂಟರ್ ಏರಿ ಡಾ. ರಾಜ್‌ಕುಮಾರ್ ರಸ್ತೆಗೆ ನುಗ್ಗುತ್ತಿದ್ದ. ಇಸ್ತ್ರಿ ಮಾಡಿದ ಸಫಾರಿ. ಹಣೆಯಲ್ಲಿ ಕುಂಕುಮ. ಕಾಲಲ್ಲಿ ಏನೂ ಇಲ್ಲ.

ನನ್ನ ಗಾಡಿ ಹಳೆಯದು. ಆದರೆ ನನಗೆ ಕಳೆದುಕೊಳ್ಳುವುದಕ್ಕೆ ಬ್ರೇಕ್ ಬಿಟ್ಟರೆ ಬೇರೇನೂ ಇರಲಿಲ್ಲ.

ಸಿಗ್ನಲ್ ಹಾರಿದ. ನಾನೂ ಹಾರಿದೆ. ಒನ್‌ವೇಗೆ ನುಗ್ಗಿದ. ಹಾಲಿನ ವ್ಯಾನಿನವನು ಇಬ್ಬರಿಗೂ ಸೇರಿಸಿ ಬೈದ. ಹಾವನೂರು ಸರ್ಕಲ್ಲಿನಲ್ಲಿ ಹೂವಿನ ಗಾಡಿ ಅಡ್ಡ ಬಂತು... ತಪ್ಪಿಸಿಕೊಂಡೆ. ಅವನು ಮಾಗಡಿ ರಸ್ತೆಗೆ ತಿರುಗಿ ಸುಂಕದಕಟ್ಟೆಯ ಕಡೆ ಮುಖ ಮಾಡಿದ. ಹತ್ತಿರವಾದೆ. ಅವನ ಕನ್ನಡಿಯಲ್ಲಿ ನನ್ನ ಮುಖ ಕಂಡಿರಬೇಕು, ಇನ್ನೂ ಜೋರಾಗಿ ಆಕ್ಸಿಲರೇಟರ್ ತಿರುಚಿದ.

ಆಮೇಲೆ ಕಾಮಾಕ್ಷಿಪಾಳ್ಯ ಬಂತು.

ಟ್ರಾಫಿಕ್ ಜಾಮ್!

ಬೆಂಗಳೂರಿನಲ್ಲಿ ಕಳ್ಳನೂ ಪೊಲೀಸನೂ ಒಂದೇ ಬಸ್ಸಿನ ಹಿಂದೆ ನಿಲ್ಲಬೇಕು. ಅವನು ಬಸ್ಸಿಗೂ ಆಟೋಗೂ ನಡುವೆ ಸಿಕ್ಕಿಕೊಂಡಿದ್ದ. ನಾನು ಗಾಡಿಗೆ ಸ್ಟ್ಯಾಂಡ್ ಹಾಕಿ ನಡೆದುಕೊಂಡೇ ಹೋದೆ. ಅವನ ಸ್ಕೂಟರಿನ ಕೀ ಕಿತ್ತುಕೊಂಡೆ.

"ಪಾಸ್‌ಪೋರ್ಟ್."

"ಮೇಡಂ... ಪಬ್ಲಿಕ್ಕು ನೋಡ್ತಾ ಇದೆ..."

"ನೋಡಲಿ."

ಆಟೋದವನು ತಲೆ ಹೊರಗೆ ಹಾಕಿದ. "ಅಕ್ಕಾ, ಗಂಡ ಹೆಂಡ್ತಿ ಜಗಳ ಮನೇಲಿ ಇಟ್ಕೊಳ್ಳಿ!"

"ಗಂಡ ಅಲ್ಲ. ವೀಸಾ ಏಜೆಂಟ್."

"ಓ! ಹಂಗಾದ್ರೆ ನನ್ನ ಲೆಕ್ಕದಲ್ಲೂ ಎರಡು ಬಿಡಿ! ನಮ್ಮ ಭಾವಮೈದನೂ ಹಿಂಗೇ ಕೂತವ್ನೆ, ದುಬೈ ದುಬೈ ಅಂತ."

ಗೋಪೀನಾಥ ಬೆವರುತ್ತಿದ್ದ.

"ಡಿಕ್ಕೀಲಿದೆ ಮೇಡಂ. ಸುಂಕದಕಟ್ಟೇಲಿ ಒಬ್ಬ ಪ್ರಿಂಟರ್ ಇದಾನೆ. ಸರಿ ಮಾಡ್ಕೊಡ್ತೀನಿ ಅಂದಿದಾನೆ. ಸಂಜೆ ನಿಮಗೆ ಕೊಡ್ತಿದ್ದೆ, ದೇವರಾಣೆ!"

"ಏನನ್ನ ಸರಿ ಮಾಡ್ತಾನೆ?"

ನಾನು ಡಿಕ್ಕಿ ತೆರೆದೆ.

ವೀಸಾ ಇತ್ತು! ನನ್ನ ಫೋಟೊ ಇತ್ತು. ಅದರ ಮೇಲೆ ಅಡ್ಡಕ್ಕೆ ಅರೆಬರೆ ಅಳಿಸಿದ ಮೂರು ಬೂದುಬಣ್ಣದ ಗೆರೆ. ಅದರ ಕೆಳಗೆ ನನ್ನ ಹೆಸರು, ನಂಬರು, ತಾರೀಖು, ಎಲ್ಲ ಕರಗಿ ನೀಲಿ ನೀಲಿಯಾಗಿ ಹರಡಿತ್ತು.

"ಯಾರ ಕೆಲಸ ಇದು?"

"ನಮ್ಮ ಆಫೀಸಲ್ಲಿ ಒಂದು ಪದ್ಧತಿ ಮೇಡಂ. ವೀಸಾ ಸ್ಟಾಂಪ್ ಆಗಿ ಬಂದ್ರೆ ಮನೆ ಹಿರಿಯರನ್ನ ಕರೆಸಿ ಅವರ ಕೈಲೇ ಪೂಜೆ. ಫೋಟೊ ತೆಗೆದು ಸ್ಟೇಟಸ್ ಹಾಕ್ತೀವಿ. ಕ್ಯಾಂಡಿಡೇಟ್‌ಗೆ ಸರ್‌ಪ್ರೈಸ್! ಎಲ್ಲರೂ ಹೂವು ಇಡ್ತಾರೆ, ಕಾಯಿ ಒಡೀತಾರೆ. ನಿಮ್ಮ ಮಾವನವರು... ಏಕಾಂತಯ್ಯನವರು... ಒದ್ದೆ ವಿಭೂತಿ ತಂದಿದ್ರು. ಪುಟ ಬಿಚ್ಚಿ ಮೂರು ಬೆರಳಲ್ಲಿ ಎಳೆದೇಬಿಟ್ರು. ಕಣ್ಣಲ್ಲಿ ನೀರು ಬೇರೆ. ನಾನು ಹೆಂಗೆ ಬೇಡ ಅನ್ನಲಿ?"

"ಒದ್ದೆ ವಿಭೂತಿಗೆ ಇಷ್ಟು ಕರಗಲ್ಲ."

ಅವನು ರಸ್ತೆ ನೋಡಿದ.

"ಅವರು ಹೋದ ಮೇಲೆ... ಕ್ಲೀನ್ ಮಾಡೋಣ ಅಂತ... ಸ್ಯಾನಿಟೈಜರ್ ಹಾಕಿ ಒರೆಸಿದೆ."

ಆಲ್ಕೋಹಾಲ್! ಶಾಯಿಯ ಮೇಲೆ! ಮಸ್ಕತ್‌ನ ಮಕ್ಕಳಿಗೆ ಇದನ್ನೇ ಕಲಿಸಲು ಹೊರಟಿದ್ದವಳು ನಾನು.

"ಅವತ್ತೇ ಯಾಕೆ ಹೇಳಲಿಲ್ಲ? ಶಾಲೆಯವರು ಹೊಸದಾಗಿ ಮಾಡಿಸ್ತಿದ್ರು. ಟೈಮ್ ಇತ್ತು!"

"ಆಫೀಸ್ ಹೆಸರು ಹಾಳಾಗುತ್ತೆ ಅಂತ..."

"ತಿದ್ದಿದ ವೀಸಾ ಹಿಡ್ಕೊಂಡು ಏರ್‌ಪೋರ್ಟಲ್ಲಿ ಇಳಿದಿದ್ರೆ ನಾನು ಎಲ್ಲಿರ್ತಿದ್ದೆ?"

"ಜೈಲಲ್ಲಿ" ಎಂದು ಆಟೋದವನು ಉತ್ತರಿಸಿದ. ಆಟೋ ಆಫ್ ಮಾಡಿ ಕೂತು ಕೇಳುತ್ತಿದ್ದ.

ಅಲ್ಲೇ, ಹಾರ್ನ್‌ಗಳ ನಡುವೆ, ಆ ಪುಟದ ಫೋಟೊ ತೆಗೆದು ಪ್ರಿನ್ಸಿಪಾಲರಿಗೆ ಕಳಿಸಿದೆ. ನಡೆದದ್ದನ್ನು ನಡೆದ ಹಾಗೆ ಬರೆದೆ. ಜಾಮ್ ಕದಲುವ ಮೊದಲೇ ಉತ್ತರ ಬಂತು.

"ಸಾರಿ, ರಕ್ಷಾ. ಇದನ್ನು ಹಿಡಿದು ನಾನು ಜಗಳ ಆಡೋಕಾಗಲ್ಲ."

ಮುಗಿಯಿತು.

ಸ್ಕೂಟರಿನ ಕೀಯನ್ನು ಆಟೋದವನ ಕೈಗೆ ಕೊಟ್ಟೆ. "ಇವರು ನಿಮ್ಮ ಭಾವಮೈದನ ಬಗ್ಗೆ ಮಾತಾಡ್ಬೇಕಂತೆ."

"ಬನ್ನಿ ಸಾರ್, ಬನ್ನಿ!" ಎಂದು ಅವನು ತೋಳೇರಿಸುತ್ತಾ ಇಳಿದ.

ಹಿಂದಿರುಗಿ ನೋಡಲಿಲ್ಲ. ಗೋಪೀನಾಥ ಕೂಗಿದ್ದು ಮಾತ್ರ ಕೇಳಿಸಿತು.

ಮನೆ ಮುಟ್ಟುವವರೆಗೂ ಕೈ ತುರಿಸುತ್ತಿತ್ತು. ಯಾರಿಗಾದರೂ ಬಾರಿಸಬೇಕಿತ್ತು. ಯಾರಿಗೆ? ಏಜೆಂಟ್ ಮಾಡಿದ್ದು ಮುಠ್ಠಾಳತನ. ಅದಕ್ಕೂ ಮೊದಲು ಆ ಪುಟ ಮುಟ್ಟಿದ್ದು ಆಶೀರ್ವಾದ. ಆಶೀರ್ವಾದದ ಮೇಲೆ ಎಫ್‌ಐಆರ್ ಬರೆಯುವ ಸ್ಟೇಷನ್ ಯಾವುದಿದೆ ಹೇಳಿ?

ಮಾವ ವರಾಂಡದಲ್ಲೇ ಕೂತಿದ್ದರು. ಮಗ ಹೋದ ಮೇಲೆ ಆ ಕುರ್ಚಿ ಬಿಟ್ಟು ಏಳುವುದೇ ಕಡಿಮೆ. ನನ್ನ ಪೂಜೆಗೆಂದು ಎರಡು ಬಸ್ಸು ಬದಲಿಸಿ ರಾಜಾಜಿನಗರಕ್ಕೆ ಹೋಗಿದ್ದರು. ಆ ಗುಟ್ಟನ್ನು ನನಗೆ ಬಿಟ್ಟುಕೊಟ್ಟಿರಲಿಲ್ಲ.

"ಸಿಕ್ತೇನವ್ವಾ ಪಾಸ್‌ಪೋರ್ಟ?"

ಪುಟ ತೆರೆದು ಅವರ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದರು. ಬಲಗೈಯನ್ನು ಮೆಲ್ಲನೆ ಧೋತರದ ಮಡಿಕೆಯೊಳಗೆ ಎಳೆದುಕೊಂಡರು.

"ಇದು... ನನ್ನಿಂದ ಆತೇನು?"

ನಾಲಗೆಯ ತುದಿಗೆ 'ಹೌದು' ಬಂದಿತ್ತು. ಇಡೀ ದಿನ ಬೆನ್ನಟ್ಟಿದ ಅಪರಾಧಿ ಎದುರಿಗೇ ಕೂತಿದ್ದ.

"ಅವನು ಸ್ಯಾನಿಟೈಜರ್ ಹಾಕಿ ಒರೆಸಿದಾನೆ ಮಾವ. ಅದಕ್ಕೇ ಹೀಗಾಯ್ತು. ಕೆಲಸ ಹೋಯ್ತು."

ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಅವರ ಉಸಿರು ಸಡಿಲವಾಯಿತು. ಕೈ ನಿಧಾನವಾಗಿ ಹೊರಗೆ ಬಂತು.

"ಬ್ಯಾರೆ ನೌಕರಿ ಸಿಗತೈತಿ ಬಿಡವ್ವಾ. ಹೊಸಾ ಪಾಸ್‌ಪೋರ್ಟ್ ಮಾಡಸೂಣು. ಆ ಖೋಡಿ ಆಫೀಸಿನ ಸಹವಾಸ ಬ್ಯಾಡ. ಈ ಸಲ ಮನ್ಯಾಗ, ನಾನ ಕೂತು, ಜೋರಾಗಿ ಪೂಜಿ ಮಾಡತೇನಿ!"

"ಮಾಡಿ ಮಾವ" ಎಂದೆ. "ವಿಮಾನ ಮೇಲೆ ಹಾರಿದ ಮೇಲೆ ಶುರು ಮಾಡಿ."