ಬಾಲ ಮುರಿಯದ ಹುಲಿ

ಬೆಳಗ್ಗೆ 9.40. ಬ್ಲಾಂಚರ್ಡ್ಸ್‌ಟೌನ್‌ನ ಸಮುದಾಯ ಭವನವೊಂದರಿಂದ ಬಟ್ಟೆಯ ಹುಲಿ ಕಳುವಾಗಿದೆ ಎಂದು ಠಾಣೆಗೆ ದೂರು ಬಂತು. ದಿನಾಂಕ 2022ರ ಫೆಬ್ರುವರಿ 8, ಮಂಗಳವಾರ. ಚೀನೀಯರ ಹುಲಿ ವರ್ಷ ಶುರುವಾಗಿ ಅಂದಿಗೆ ಎಂಟನೇ ದಿನ.

ದೂರು ಬರೆದುಕೊಂಡವನು ಗಾರ್ಡಾ ಉಲ್ಲಾಸ್. ಐರ್ಲೆಂಡಿನಲ್ಲಿ ಪೊಲೀಸರನ್ನು ಗಾರ್ಡಾ ಎಂದು ಕರೆಯುತ್ತಾರೆ. ಮೈಸೂರಿನಿಂದ ಎಂ.ಎಸ್. ಓದಲು ಬಂದು, ಕೆಲವು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಅದನ್ನು ಬಿಟ್ಟು ಸಮವಸ್ತ್ರ ತೊಟ್ಟವನು. ಬರೆಯುವುದರಲ್ಲಿ ಅವನಷ್ಟು ಕಟ್ಟುನಿಟ್ಟಿನವರು ಆ ಠಾಣೆಯಲ್ಲಿ ಇನ್ನೊಬ್ಬರಿರಲಿಲ್ಲ. ಗಂಟೆ, ನಿಮಿಷ, ಕಾರಿನ ನಂಬರು, ಎದುರಿನವರು ಆಡಿದ ಮಾತು, ಒಂದೂ ಬಿಟ್ಟುಹೋಗುತ್ತಿರಲಿಲ್ಲ.

10.15ಕ್ಕೆ ಅವನೂ ಸಾರ್ಜೆಂಟ್ ಡಿವೇನಿಯೂ ಭವನ ತಲುಪಿದರು. ಡಿವೇನಿ ಇಪ್ಪತ್ತೆರಡು ವರ್ಷ ಸೇವೆಯಲ್ಲಿದ್ದ ಐರಿಷ್ ಹೆಂಗಸು, ಮಿತಭಾಷಿ. ಬಾಗಿಲಲ್ಲಿ ಕಾದಿದ್ದವರು ಭವನದ ಕಾರ್ಯದರ್ಶಿ ನಾಗಮಣಿ. ಉಲ್ಲಾಸನ ಊರಿನವರೇ.

"ಬಾರಪ್ಪಾ ಉಲ್ಲಾಸ. ನೋಡು, ನಮ್ ಗ್ರಹಚಾರ."

"ಯಾವಾಗ ಗೊತ್ತಾಯ್ತು, ಮೇಡಂ?"

"ಡ್ಯೂಟಿ ಮೇಲಿದ್ರೆ ಆಂಟಿ ಅನ್ನಂಗಿಲ್ವಾ? ಒಂಬತ್ತೂಕಾಲಿಗೆ. ಎಂಟೂವರೆಗೆ ಕ್ಲೀನಿಂಗ್‌ನವರಿಗೆ ಬಾಗಿಲು ತೆಗ್ದು, ಆಫೀಸಲ್ಲಿ ಕೂತಿದ್ದೆ."

ಸಭಾಂಗಣದಲ್ಲಿ ಚೀನೀ ಸಂಘದವರ ಹುಲಿ ಪ್ರದರ್ಶನವಿತ್ತು. ಬಾಗಿಲಿಗೆ ಅಂಟಿಸುವ ಮುದ್ರಿತ ಹುಲಿಚಿತ್ರಗಳು, ಮಕ್ಕಳ ಹುಲಿಮುಖದ ಬೂಟುಗಳು, ಟೊಪ್ಪಿಗೆಗಳು. ಕೆಡುಕು ಹತ್ತಿರ ಸುಳಿಯದಿರಲಿ ಎಂದು ಅಲ್ಲಿಯವರು ಕೂಸುಗಳಿಗೆ ಹುಲಿಯನ್ನು ತೊಡಿಸುತ್ತಾರೆ. ಉಲ್ಲಾಸನಿಗೆ ಬಾಲ್ಯದಲ್ಲಿ ತನ್ನ ಕೊರಳಲ್ಲಿದ್ದ ಹುಲಿಯುಗುರು ನೆನಪಾಯಿತು. ಅದು ಅಸಲಿಯಲ್ಲ, ಹಿತ್ತಾಳೆಯದು.

ಮೂರನೇ ಪೆಟ್ಟಿಗೆ ಖಾಲಿಯಿತ್ತು. ಗಾಜು ಒಡೆದಿರಲಿಲ್ಲ. ನಾಲ್ಕು ತಿರುಪುಗಳನ್ನು ಬಿಚ್ಚಿ, ಕಳೆದುಹೋಗದಂತೆ ಪೆಟ್ಟಿಗೆಯ ಅಂಚಿನಲ್ಲಿ ಸಾಲಾಗಿ ಇಡಲಾಗಿತ್ತು. ಪಕ್ಕದ ಪೆಟ್ಟಿಗೆಯಲ್ಲಿದ್ದ ನೂರು ವರ್ಷ ಹಳೆಯ ಚಿತ್ರವನ್ನು ಯಾರೂ ಮುಟ್ಟಿರಲಿಲ್ಲ.

"ಕಳ್ಳ ಅಲ್ಲ ಇವನು," ಎಂದರು ಡಿವೇನಿ. "ಕಳ್ಳರು ತಿರುಪು ಜೋಡಿಸಿಡುವುದಿಲ್ಲ."

ಉಲ್ಲಾಸ್ ಫೋಟೊ ತೆಗೆದು ಅಳತೆ ಬರೆದುಕೊಂಡ. ನಮ್ಮ ಕಡೆಯ ಪಂಚನಾಮೆಯ ಬದಲಿಗೆ ಇಲ್ಲಿ ಫೋಟೊ, ನಕ್ಷೆ, ಸಹಿ.

"ಹುಲಿ ಹೇಗಿತ್ತು?"

"ಹಳದಿ ಬಟ್ಟೇದು, ಒಂದಡಿ ಉದ್ದ. ಹಣೆ ಮೇಲೆ ರಾಜ ಅಂತ ಅವರ ಅಕ್ಷರ. ಹೊಟ್ಟೆಗೆ ಹಾವು, ಚೇಳು, ಜರಿಹುಳ ಎಲ್ಲ ಹೊಲಿದಿದ್ರು. ಗುಂಡಿ ಕಣ್ಣು. ನಗು ಬರೋ ಹಂಗಿತ್ತು ಮುಖ."

"ಹರಿದಿತ್ತಾ ಎಲ್ಲಾದ್ರೂ?"

"ಇಲ್ಲಪ್ಪ, ಅದೇ ಅದರ ಸ್ಪೆಷಲ್ಲು. ಉಳಿದವಕ್ಕೆಲ್ಲ ಬಾಲ ಮುರಿದಿರತ್ತಂತೆ. ಇದಕ್ಕಿತ್ತು. ಬೋರ್ಡಲ್ಲೇ ಬರೆದಿದ್ಯಲ್ಲ."

ಫಲಕದಲ್ಲಿ ಹೀಗಿತ್ತು: ಮಗುವಿನ ಹುಲಿ, ಶಾನ್‌ಷಿ ಪ್ರಾಂತ್ಯ. ಬಳಸದೆ ಉಳಿದ ಅಪರೂಪದ ಮಾದರಿ.

ಭವನದ ಕ್ಯಾಮೆರಾದಲ್ಲಿ 8.52ಕ್ಕೆ ನೀಲಿ ಜಾಕೆಟ್ಟಿನ ಒಬ್ಬ ಒಳಗೆ ಬಂದಿದ್ದ. 9.03ಕ್ಕೆ ಹೊರಟಾಗ ಜಾಕೆಟ್ಟಿನ ಎದೆಯ ಭಾಗ ಉಬ್ಬಿತ್ತು. ಎಳೆಗೂಸನ್ನು ಹಿಡಿದವರಂತೆ ಕೆಳಗಿನಿಂದ ಕೈ ಆನಿಸಿಕೊಂಡಿದ್ದ.

ನಾಗಮಣಿ ಕನ್ನಡಕ ಏರಿಸಿಕೊಂಡು ನೋಡಿದರು. "ಅಯ್ಯೋ, ಇವನಾ! ಹುಲಿ ಕೊಟ್ಟೋನೇ ಇವನು."

ದಾನದ ಪುಸ್ತಕದಲ್ಲಿ ಹೆಸರಿತ್ತು: ಚಿಯಾವ್ ಬಿನ್, ಊರು ನೇಸ್. ನವೆಂಬರಿನಲ್ಲಿ, ಶಾಶ್ವತವಾಗಿ ಕೊಟ್ಟಿದ್ದೇನೆಂದು ಸಹಿ ಹಾಕಿದ್ದ.

"ನಿನ್ನೆ ಬಂದಿದ್ದ," ನಾಗಮಣಿಯ ದನಿ ಇಳಿಯಿತು. "ಒಂದೇ ದಿನಕ್ಕೆ ಕೊಡಿ, ನಾಳೇನೇ ಬೇಕು ಅಂದ. ಫಾರಂ ಸೈನ್ ಆಗಿದೆ, ಕಮಿಟಿ ಕೇಳ್ಬೇಕು, ಹದಿನೈದಕ್ಕೆ ಬನ್ನಿ ಅಂದೆ. ಇಲ್ಲಿಯವರ ಥರ 'ಗ್ರ್ಯಾಂಡ್', ಆಯ್ತು ಬಿಡಿ ಅಂತ ಹೇಳಿ ಹೋದ. ಜಗಳ ಆಡಿದ್ರೆ ನಾನೇ ಕೊಟ್ಟುಬಿಡ್ತಿದ್ನೇನೋ."

11.50. ಠಾಣೆಯ ಗಣಕದಲ್ಲಿ ಉಲ್ಲಾಸ್ ಹೆಸರು ಹುಡುಕಿದ. ಮೂವತ್ತಾರು ವರ್ಷ, ಮಾಂಸದ ಕಾರ್ಖಾನೆಯಲ್ಲಿ ಕೆಲಸ. ಹಿಂದೆ ಒಂದೇ ದಾಖಲೆ: 2021ರ ಫೆಬ್ರುವರಿ 19, ಕೋವಿಡ್ ನಿರ್ಬಂಧದಲ್ಲಿ ಮನೆಯಿಂದ ಐದು ಕಿಲೋಮೀಟರ್ ಮೀರಿ ಪ್ರಯಾಣ. ನೂರು ಯೂರೊ ದಂಡ, ಪಾವತಿಯಾಗಿದೆ.

ದಂಡ ಹಾಕಿದ ಅಧಿಕಾರಿಯ ಹೆಸರಿನ ಜಾಗದಲ್ಲಿ ಅವನದೇ ಹೆಸರಿತ್ತು.

ಅವನು ಎದ್ದು ಹೋಗಿ ಲಾಕರಿನಿಂದ ಹಳೆಯ ನೋಟ್‌ಬುಕ್ ತಂದ. ಅಂದು ತಡೆದ ಕಾರುಗಳು ತೊಂಬತ್ತೊಂದು. ಅವನ ಕೈಬರಹದಲ್ಲೇ ಇತ್ತು: 'ಮಧ್ಯಾಹ್ನ 2.10. ಚಾಲಕ ನೇಸ್‌ನವನು. ಅಕ್ಕನ ಮಗುವಿಗೆ ಹುಲಿ ಗೊಂಬೆ ಕೊಡಲು ಎಂದ. ಮನೆ ಇನ್ನು ಎರಡು ಕಿಲೋಮೀಟರ್, ಬಾಗಿಲಲ್ಲೇ ಕೊಟ್ಟು ಬರುತ್ತೇನೆ ಎಂದ. ಅಗತ್ಯ ಕಾರಣವಲ್ಲ. ವಾಪಸ್ ಕಳಿಸಲಾಯಿತು.'

ಮುಖ ನೆನಪಿಗೆ ಬರಲಿಲ್ಲ.

ಡಿವೇನಿ ಅವನ ಹೆಗಲ ಮೇಲಿನಿಂದ ಓದಿದರು. "ಬೇರೆಯವರನ್ನು ಕಳಿಸಲೇ?"

"ಬೇಡ, ಸಾರ್ಜೆಂಟ್. ನಾನೇ ಹೋಗುತ್ತೇನೆ."

ಬಿನ್ ಮನೆಯಲ್ಲಿರಲಿಲ್ಲ, ಕೆಲಸಕ್ಕೂ ಹೋಗಿರಲಿಲ್ಲ. 1.20ಕ್ಕೆ ಇಬ್ಬರೂ ಆತನ ಅಕ್ಕ ಲಾನ್ ಮನೆಯ ಬಾಗಿಲು ತಟ್ಟಿದರು. ಆಕೆ ಸಮವಸ್ತ್ರ ನೋಡಿ ಹೆದರಲಿಲ್ಲ, ದಣಿದಂತೆ ಬಾಗಿಲಿಗೆ ಒರಗಿದಳು.

"ನಿಮ್ಮ ತಮ್ಮ ಎಲ್ಲಿ?"

"ಹುಲಿಯನ್ನು ತೆಗೆದುಕೊಂಡು ಹೋದನಾ?"

"ನಿಮಗೆ ಹೇಗೆ ಗೊತ್ತು?"

"ಇವತ್ತು ಮೊದಲ ತಿಂಗಳ ಎಂಟು. ನಮ್ಮ ಪಂಚಾಂಗದಲ್ಲಿ. ಹೋದ ವರ್ಷ ಇದೇ ತಿಥಿಗೆ ನನ್ನ ಮಗುವಿಗೆ ತಿಂಗಳು ತುಂಬಿತ್ತು."

ಮುಂದಿನದನ್ನು ಆಕೆ ನಿಂತೇ ಹೇಳಿದಳು. ಅವರ ಊರಲ್ಲಿ ಮಗುವಿಗೆ ತಿಂಗಳು ತುಂಬಿದ ದಿನ ಸೋದರಮಾವ ಹಳದಿ ಹುಲಿ ತರಬೇಕು. ಹೊಸ್ತಿಲು ದಾಟುವಾಗ ಅದರ ಬಾಲ ಮುರಿದು ಹೊರಗೆ ಎಸೆಯಬೇಕು. ಮಗುವಿಗೆ ಬರುವ ಕಂಟಕ ಬಾಲದ ಜೊತೆ ಹೊರಗೇ ಉಳಿಯುತ್ತದೆ. ಬೇರೆ ಯಾರೂ ತರುವಂತಿಲ್ಲ. ಹುಲಿಯನ್ನು ಹೊಲಿದವಳು ಊರಿನಲ್ಲಿರುವ ಅಮ್ಮ. ಅಂಚೆಯಲ್ಲಿ ಬರಲು ಏಳು ವಾರ ಹಿಡಿದಿತ್ತು. ಆದರೂ ಆ ದಿನಕ್ಕೆ ಸರಿಯಾಗಿ ಬಿನ್‌ನ ಕೈ ಸೇರಿತ್ತು.

ಕಿವಿ ಚುಚ್ಚುವಾಗ ತನ್ನನ್ನು ಸೋದರಮಾವನ ತೊಡೆಯ ಮೇಲೆಯೇ ಕೂರಿಸಬೇಕೆಂದು ಅಜ್ಜಿ ಹಠ ಹಿಡಿದದ್ದನ್ನು, ಮಾವ ಬರುವವರೆಗೆ ಅಕ್ಕಸಾಲಿಗನನ್ನು ಅರ್ಧ ದಿನ ಕಾಯಿಸಿದ್ದನ್ನು ಉಲ್ಲಾಸ್ ಕೇಳಿ ಬೆಳೆದಿದ್ದ.

"ಮಗು?" ಎಂದ.

"ಆನ್‌ಆನ್. ಹುಟ್ಟುವಾಗಲೇ ಹೃದಯದಲ್ಲಿ ತೊಂದರೆ ಇತ್ತು. ಹತ್ತು ವಾರ ಇದ್ದ. ಯಾರ ತಪ್ಪೂ ಅಲ್ಲ ಅಂತ ಡಾಕ್ಟರು ಹೇಳಿದರು. ನಾನೂ ಬಿನ್‌ಗೆ ನೂರು ಸಲ ಹೇಳಿದೆ." ಆಕೆ ರಸ್ತೆಯ ಕಡೆ ನೋಡಿದಳು. "ಬಿನ್ ಎಲ್ಲಿದ್ದಾನೆ ಅಂತ ನಿಮಗೂ ಗೊತ್ತಾಗಿರಬೇಕು."

2.05. ಊರಾಚೆಯ ಸ್ಮಶಾನದ ಕಬ್ಬಿಣದ ಗೇಟು ತೆರೆದಿತ್ತು. ಹೊರಗೆ, ಒದ್ದೆ ಹುಲ್ಲಿನ ಮೇಲೆ, ಹೆಬ್ಬೆರಳಷ್ಟು ಉದ್ದದ ಹಳದಿ ಬಟ್ಟೆಯ ತುಂಡು ಬಿದ್ದಿತ್ತು. ಒಳಗಿನ ಹತ್ತಿ ಇಣುಕುತ್ತಿತ್ತು. ಉಲ್ಲಾಸ್ ಬಗ್ಗಿ ನೋಡಿದ. ಡಿವೇನಿ ಮುಂದೆ ನಡೆದರು.

ಮಕ್ಕಳ ಸಮಾಧಿಗಳ ಸಾಲಿನ ಕೊನೆಯಲ್ಲಿ ನೀಲಿ ಜಾಕೆಟ್ಟಿನವನು ಕೂತಿದ್ದ. ಸಣ್ಣ ಕಲ್ಲಿಗೆ ಒರಗಿಸಿದ ಹುಲಿ ಗುಂಡಿ ಕಣ್ಣು ಬಿಟ್ಟುಕೊಂಡು ನಗುತ್ತಿತ್ತು.

"ಚಿಯಾವ್ ಬಿನ್?"

"ಹೌದು. ನಾನೇ ತೆಗೆದೆ. ಗಾಜು ಒಡೆದಿಲ್ಲ."

"ಗೊತ್ತು. ಯಾಕೆ ದಾನ ಕೊಟ್ಟಿರಿ?"

"ಬೀರುವಿನಲ್ಲಿತ್ತು. ಬಾಗಿಲು ತೆಗೆದಾಗಲೆಲ್ಲ ಬಾಲ ಕಾಣುತ್ತಿತ್ತು. ಎಸೆಯಲು ಆಗಲಿಲ್ಲ. ಶನಿವಾರ ಪ್ರದರ್ಶನ ನೋಡಲು ಹೋದೆ. ಜನ ಅದರ ಬಾಲ ತೋರಿಸಿ ಎಷ್ಟು ಚೆನ್ನಾಗಿ ಉಳಿದಿದೆ ಎನ್ನುತ್ತಿದ್ದರು."

ಉಲ್ಲಾಸ್ ಟೊಪ್ಪಿಗೆ ತೆಗೆದ. "ಹೋದ ವರ್ಷ ನಿಮ್ಮ ಕಾರು ತಡೆದವನು ನಾನು."

ಬಿನ್ ತಲೆಯೆತ್ತಿ ನೋಡಿದ. "ಮಾಸ್ಕ್ ಇತ್ತು. ಮುಖ ನೆನಪಿಲ್ಲ. ಸಾರಿ ಅಂದಿದ್ದಿರಿ, ಅದು ನೆನಪಿದೆ." ಮತ್ತೆ ಕಲ್ಲಿನ ಕಡೆ ತಿರುಗಿದ. "ಆರು ವಾರ ಕಳೆದು ಅವನನ್ನು ಮಣ್ಣು ಮಾಡಲು ಅದೇ ರಸ್ತೆಯಲ್ಲಿ ಬಂದೆ. ಆವತ್ತು ಗಾರ್ಡಾ ಕೈ ಬೀಸಿ ಬಿಟ್ಟರು. ಅದು ಅಗತ್ಯ ಪ್ರಯಾಣ."

ಉಲ್ಲಾಸ್ ಟೊಪ್ಪಿಗೆಯನ್ನು ಮತ್ತೆ ಹಾಕಿಕೊಂಡ. 2.20ಕ್ಕೆ ಬಂಧನದ ಮಾತುಗಳನ್ನು ಹೇಳಿದ: ನೀವು ಏನನ್ನೂ ಹೇಳಬೇಕಾಗಿಲ್ಲ; ಹೇಳಿದ್ದನ್ನು ಬರೆದುಕೊಳ್ಳಲಾಗುತ್ತದೆ. ಹುಲಿಯನ್ನು ಸಾಕ್ಷ್ಯದ ಚೀಲಕ್ಕೆ ಹಾಕಬೇಕಿತ್ತು. ಚೀಲ ಬಿಡಿಸಿ ಹಿಡಿದು ನಿಂತ. ಬಿನ್ ತಾನೇ ಹುಲಿಯನ್ನು ಎತ್ತಿ, ತಲೆ ಮೇಲೆ ಬರುವಂತೆ ಒಳಗಿಟ್ಟ.

"ಒಳಗೆ ಬಂದಾಯಿತಲ್ಲ," ಎಂದ. "ಇನ್ನು ಎಲ್ಲಿಟ್ಟರೂ ಸರಿ."

ಗೇಟಿನ ಹೊರಗಿನ ಹಳದಿ ತುಂಡನ್ನು ಮೂವರೂ ದಾಟಿಕೊಂಡು ಕಾರು ಹತ್ತಿದರು.

ಮರುವಾರ ನಾಗಮಣಿ ಠಾಣೆಗೆ ಬಂದು, ಸಮಿತಿಗೆ ದೂರು ಮುಂದುವರಿಸುವ ಇಚ್ಛೆಯಿಲ್ಲವೆಂದು ಬರೆದುಕೊಟ್ಟರು. ಬಿನ್‌ಗೆ ಎಚ್ಚರಿಕೆ ನೀಡಿ ಪ್ರಕರಣ ಮುಗಿಸಲಾಯಿತು. ಮಾರ್ಚ್ 3ರಂದು ಲಾನ್ ಬಂದು ಸಹಿ ಹಾಕಿ ಹುಲಿಯನ್ನು ಒಯ್ದಳು. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯಲ್ಲಿ ಉಲ್ಲಾಸನ ಕೈಬರಹದಲ್ಲಿ ಎರಡು ಸಾಲುಗಳಿವೆ. ಬಟ್ಟೆಯ ಹುಲಿ, ಒಂದು. ಬಾಲದ ತುಂಡು, ದೊರೆತಿಲ್ಲ.