ಹನ್ನೆರಡನೆಯ ಕಂಚಿನ ಮುದ್ರೆ

"ಏನಂತ ಹೆಸರು ಹಾಕ್ಬೇಕು?" ಸೌಮ್ಯ ತಲೆ ಎತ್ತದೆ ಕೇಳಿದಳು.

ಮಳವಳ್ಳಿ ಬಸ್‌ಸ್ಟ್ಯಾಂಡಿನ ಎದುರು ಶೌಕತ್ ಅಲಿ ಸಾಹೇಬರ ಪಾತ್ರೆ ಅಂಗಡಿ. ಮದುವೆಯ ಪಾತ್ರೆಗಳ ಮೇಲೆ ಹೆಣ್ಣು ಗಂಡಿನ ಹೆಸರು ಕೊರೆಯುವುದು ಆರು ವರ್ಷದಿಂದ ಅಲ್ಲಿ ಅವಳ ಕೆಲಸ.

"ಹೆಸರು ಬೇಡ. ಹಾವು ಬೇಕು."

ಆಗ ತಲೆ ಎತ್ತಿದಳು. ಹೇಳಿದವನು ತನ್ನ ಮಾತಿಗೆ ತಾನೇ ನಾಚಿ ನಿಂತಿದ್ದ. ಮಹದೇವು, ಕಿರುಗಾವಲಿನವನು, ಭಾರತೀನಗರದ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಕೈಯಲ್ಲಿ ಹನ್ನೆರಡು ಜೆರಾಕ್ಸ್ ಹಾಳೆ. ಮಧ್ಯ ಏಷ್ಯಾದ ನಾಲ್ಕು ಸಾವಿರ ವರ್ಷಗಳ ಹಿಂದಿನ ಕಂಚಿನ ಮುದ್ರೆಗಳ ಚಿತ್ರಗಳು: ಎಸಳು ಬಿಚ್ಚಿದ ಹೂವು, ರೆಕ್ಕೆ ಚಾಚಿದ ಹದ್ದು, ಒಂದನ್ನೊಂದು ಸುತ್ತಿದ ಹಾವುಗಳು. ಹುಡುಗರು ಜೇಡಿಮಣ್ಣಿನ ಮೇಲೆ ಒತ್ತಿ ನೋಡಲು ಅಂಥ ಮುದ್ರೆಗಳೇ ಬೇಕಾಗಿದ್ದವು.

ಅವಳು ಹಾಳೆಯನ್ನು ಬೆಳಕಿಗೆ ಹಿಡಿದಳು. "ಇದು ಮುದ್ರೆಯ ಫೋಟೋನೋ, ಮಣ್ಣಿಗೆ ಒತ್ತಿದ ಗುರುತಿನ ಫೋಟೋನೋ?"

"ಯಾಕೆ?"

"ಗುರುತಾದ್ರೆ ನಾನು ತಿರುಗಿಸಿ ಕೊರೀಬೇಕಲ್ಲ ಮೇಷ್ಟ್ರೇ! ಇಲ್ದಿದ್ರೆ ನಿಮ್ಮ ಹದ್ದು ಆ ಕಡೆ ನೋಡ್ತದೆ."

ಅವನು ಬೆಪ್ಪಾದ. "ಎರಡು ವರ್ಷದಿಂದ ಓದ್ತಾ ಇದೀನಿ ಕಣ್ರಿ. ಈ ಪ್ರಶ್ನೆ ನನಗೇ ಹೊಳೆದಿರ್ಲಿಲ್ಲ."

ಅವಳು ನಕ್ಕಳು. ಮುಂದಿನ ಶನಿವಾರ ಅವನು ಉತ್ತರ ತಂದ. ಅದರ ಮುಂದಿನ ಶನಿವಾರ ಬರಲು ಕಾರಣವೇ ಇರಲಿಲ್ಲ, ಆದರೂ ಬಂದ.

ಹಳೆಯ ಕಂಚಿನ ತಟ್ಟೆಯನ್ನು ಕತ್ತರಿಸಿ, ಚಾಣದಲ್ಲಿ ಕೊರೆದು, ಅರದಿಂದ ಉಜ್ಜಿ, ಬೆನ್ನಿಗೊಂದು ಪುಟ್ಟ ಬಳೆ ಬೆಸೆಯಬೇಕು. ಆ ಕಾಲದವರು ಬಳೆಗೆ ದಾರ ಪೋಣಿಸಿ ಮೈಮೇಲೆ ತೊಡುತ್ತಿದ್ದಿರಬೇಕು ಎಂದ ಮಹದೇವು. ಕೆಲವು ಮುದ್ರೆಗಳು ಹೆಂಗಸರ ಗೋರಿಗಳಲ್ಲೇ ಸಿಕ್ಕಿವೆಯಂತೆ.

"ಹೆಂಗಸರು ಯಾವುದಕ್ಕೆ ಮುದ್ರೆ ಒತ್ತುತ್ತಿದ್ರು?"

"ಗೊತ್ತಿಲ್ಲ. ಉಗ್ರಾಣದ ಬಾಗಿಲಿಗೋ ಏನೋ. ನೀವಾಗಿದ್ರೆ ಯಾವುದಕ್ಕೆ ಒತ್ತುತ್ತಿದ್ರಿ?"

ಅವಳು ಅರದ ಪುಡಿಯನ್ನು ಉಫ್ ಎಂದು ಊದಿದಳು. ಅದು ಅವನ ಬಿಳಿ ಅಂಗಿಯ ತೋಳಿನ ಮೇಲೆ ಹೊಳೆಯಿತು. ಅವನು ಒರೆಸಿಕೊಳ್ಳಲಿಲ್ಲ. ಅವಳು ನೋಡಿದಳು, ನೋಡಿಲ್ಲವೆಂಬಂತೆ ಕಣ್ಣು ಇಳಿಸಿದಳು.

ಆರನೆಯ ಮುದ್ರೆ ಮುಗಿಸಿ ಕೊಟ್ಟಾಗ ಅವಳಿಗೆ ಭಯ ಶುರುವಾಯಿತು. ಹನ್ನೆರಡು ಮುಗಿದರೆ ಇವನು ಯಾಕೆ ಬರುತ್ತಾನೆ?

ಕೆಲಸ ಮುಗಿದ ದಿನ ತಾರೀಖಿನ ಚೀಟಿ ಇಟ್ಟು ಪೇಪರಿನಲ್ಲಿ ಸುತ್ತಿಡುವುದು ಅಂಗಡಿಯ ರೂಢಿ. ಏಳನೆಯದನ್ನು ಹಾಗೆಯೇ ಸುತ್ತಿದಳು, ಆದರೆ ತನ್ನ ಡ್ರಾಯರಿನ ಒಳಗಿಟ್ಟಳು. ಎಂಟನೆಯದನ್ನೂ. "ಕಂಚು ಸೀಳ್ತು ಮೇಷ್ಟ್ರೇ," "ಬೆಸುಗೆ ಬಿಡ್ತು ಮೇಷ್ಟ್ರೇ," ಎಂದು ವಾರ ವಾರ ಒಂದೊಂದು ನೆಪ.

"ಏನಮ್ಮಾ, ಆ ಕಾಲದವರೇ ಇದಕ್ಕಿಂತ ಬೇಗ ಮಾಡಿರ್ತಾರೆ ಕಣಮ್ಮ," ಎಂದು ಶೌಕತ್ ಅಲಿ ಗಡ್ಡದೊಳಗೇ ನಗುತ್ತಿದ್ದರು.

ಮಹದೇವು ಮಾತ್ರ ಅವಸರಪಡಿಸಲಿಲ್ಲ. "ಎಲ್ಲಾ ಮುಗೀಲಿ, ಆಮೇಲೆ ಒಂದು ಮಾತಿದೆ," ಎಂದ ಒಮ್ಮೆ. ಬಾಕಿ ಲೆಕ್ಕದ ಮಾತಿರಬೇಕು ಅಂದುಕೊಂಡಳು.

ದಸರಾ ಕಳೆದು ತಿಂಗಳಾಗಿತ್ತು. ಒಂದು ಬುಧವಾರ ವಯಸ್ಸಾದ ಹೆಂಗಸೊಬ್ಬರು ಹುಡುಗಿಯ ಜೊತೆ ಅಂಗಡಿಗೆ ಬಂದು, ಹಂಡೆ, ಕೊಳದಪ್ಪಲೆ, ತಟ್ಟೆಗಳನ್ನೆಲ್ಲ ಆರಿಸಿ ಸೌಮ್ಯಳ ಮುಂದೆ ಇಡಿಸಿದರು.

"ಎಸ್ರು ಚೆಂದಾಗಿ ಕೊರಿಯವ್ವ. ಇವಳು ವೀಣ, ನನ್ನ ದೊಡ್ಡ ಮಗಳ ಮಗಳು. ನನ್ನ ಮಗನಿಗೇ ತಂದ್ಕೊತಾ ಇವ್ನಿ. ಮದ್ವೆಗೆ ಇನ್ನತ್ತೇ ದಿನ ಐತೆ."

"ಮಗನ ಹೆಸರು?"

"ಮಹದೇವು. ನಿಮ್ಮಂಗ್ಡಿಗೇ ಬತ್ತಾನಲ್ಲ, ಮೇಷ್ಟ್ರು!"

ವೀಣ ಅಜ್ಜಿಯ ಬೆನ್ನ ಹಿಂದಿನಿಂದ ಮುಂದೆ ಬಂದಳು. "ಅಕ್ಕ, ಮಾವ ನಿಮ್ಮ ಕೆಲಸನ ಬಾಳ ಹೊಗಳ್ತಾರೆ. ನನ್ನ ಹೆಸರು ನೀವೇ ಕೊರೀಬೇಕು ಅಂತ ನಾನೇ ಹಟ ಮಾಡಿ ಬಂದೆ." ಹಂಡೆಯ ಮೇಲೆ ಬೆರಳಿಟ್ಟು ಜಾಗ ತೋರಿಸಿದಳು. "ಇಲ್ಲಿ. ನೀರು ಕಾಯ್ಸುವಾಗ ದಿನಾ ಕಾಣ್ಬೇಕು."

ಅವಳ ಕಣ್ಣಿನಲ್ಲಿ ಹತ್ತು ದಿನ ಕಾಯಲಾರದಂಥ ಬೆಳಕಿತ್ತು.

ಶನಿವಾರ ಮಹದೇವು ಬಂದಾಗ ಸೌಮ್ಯ ಡ್ರಾಯರು ಎಳೆದು ಉಳಿದ ಆರು ಪೊಟ್ಟಣಗಳನ್ನೂ ಅವನ ಮುಂದಿಟ್ಟಳು. "ತಗೊಳ್ಳಿ. ಮುಗೀತು."

ಚೀಟಿಗಳನ್ನು ತೆಗೆಯಲು ಮರೆತಿದ್ದಳು. ಅವನು ಒಂದೊಂದಾಗಿ ಬಿಚ್ಚಿದ. ಕೊನೆಯದರಲ್ಲಿ ಸುತ್ತಿಕೊಂಡ ಹಾವುಗಳು. ಚೀಟಿಯಲ್ಲಿ ಆಗಸ್ಟ್ ಒಂಬತ್ತು.

"ಆಗಸ್ಟಲ್ಲೇ ಮುಗಿದಿತ್ತಾ?" ಚೀಟಿ ಎತ್ತಿ ತೋರಿಸಿದ. "ಯಾಕೆ ಹೇಳ್ಲಿಲ್ಲ ಸೌಮ್ಯ?"

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಮುಗಿದ್ರೆ ನೀವು ಬರೋದು ನಿಲ್ತದಲ್ಲ."

ಅವನು ಸ್ಟೂಲಿನ ಮೇಲೆ ಕುಳಿತ. "ಕೆಲಸ ಒಪ್ಪಿಸಿರೋ ಹೆಣ್ಣನ್ನ ಮದುವೆಗೆ ಕೇಳೋದು ಸರಿಯಲ್ಲ, ಮುಲಾಜಿಗೆ ಹೂಂ ಅಂದಾಳು ಅಂತ ಮುಗಿಯೋದನ್ನೇ ಕಾಯ್ತಿದ್ದೆ. ದಸರಾಗೆ ಅಮ್ಮ, ಅಕ್ಕ ಮಾತಾಡ್ಕೊಂಡ್ರು. ಬೇಡ ಅನ್ನೋಕೆ ನನ್ನ ಹತ್ರ ಏನಿತ್ತು? ನೀವು ನಕ್ಕಿದ್ದು ಬಿಟ್ರೆ?"

ಹೊರಗೆ ಕಂಡಕ್ಟರ್ ಮಂಡ್ಯ, ಮಂಡ್ಯ ಎಂದು ಕೂಗುತ್ತಿದ್ದ.

"ಈಗ ಹೇಳಿ. ಒಂದು ಮಾತು ಹೇಳಿ, ಈ ಮದುವೆ ನಿಲ್ಲಿಸ್ತೀನಿ. ಬೈಗುಳೆಲ್ಲ ನನಗಿರಲಿ."

ಆ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಎಂಟು ತಿಂಗಳಿಂದ ಇತ್ತು.

"ನಿಲ್ಲಿಸಿದ್ರೆ ವೀಣ ಎಲ್ಲಿಗೆ ಹೋಗ್ತಾಳೆ ಮೇಷ್ಟ್ರೇ? ನಿಮ್ಮ ಅಕ್ಕನ ಮನೆಗೇ ಅಲ್ವಾ? ಹಬ್ಬ ಹಬ್ಬಕ್ಕೂ ನೀವು ಅವಳ ಮುಖ ನೋಡ್ಬೇಕು. ನಾನೂ ನೋಡ್ಬೇಕು." ಖಾಲಿ ಡ್ರಾಯರನ್ನು ಒಳಕ್ಕೆ ತಳ್ಳಿದಳು. "ಬಚ್ಚಿಟ್ಟವಳು ನಾನು. ಅದರ ನೋವು ಅವಳಿಗ್ಯಾಕೆ?"

"ನನಗೆ?"

"ನಿಮಗೆ ಆಗ್ತದೆ. ನನಗೂ ಆಗ್ತದೆ. ಹೋಗ್ಬನ್ನಿ."

ಅವನು ಸ್ಟೂಲಿನಿಂದ ಎದ್ದ. ಐದು ಮುದ್ರೆಗಳನ್ನು ಮಾತ್ರ ಚೀಲಕ್ಕೆ ಹಾಕಿಕೊಂಡ. ಹಾವಿನ ಮುದ್ರೆಯನ್ನು ಬಿಟ್ಟು ಹೋಗುತ್ತಿದ್ದಾನೆಂದು ಇಬ್ಬರಿಗೂ ಗೊತ್ತಿತ್ತು. ಮೆಟ್ಟಿಲಿಳಿದು ಮಂಡ್ಯದ ಬಸ್ಸು ಹತ್ತಿದ.

ಸೌಮ್ಯ ಹಂಡೆಯನ್ನು ಮಡಿಲಿಗೆ ಎಳೆದುಕೊಂಡಳು. ಶೌಕತ್ ಅಲಿ ಗಲ್ಲಾ ಬಿಟ್ಟು ಬಂದು ಪಕ್ಕದಲ್ಲಿ ನಿಂತರು.

"ಎಲ್ಲಾ ಕೇಳಿಸ್ತು ಮಗಳೇ. ಇವತ್ತು ಬುಡು. ನಾನೇ ಕೊರೀತೀನಿ."

"ಬೇಡ ಚಾಚಾ. ನಾನೇ ಕೊರೀಬೇಕಂತ ಆ ಹುಡುಗಿ ಕೇಳವಳೆ."

ಚಾಣ ಕೈಗೆತ್ತಿಕೊಂಡಳು. ಆಮೇಲೆ ಆ ಹುಡುಗಿ ಬೆರಳಿಟ್ಟು ತೋರಿಸಿದ್ದ ಜಾಗದಲ್ಲೇ ಮೊದಲ ಅಕ್ಷರ ಕೊರೆದಳು, ನೀಟಾಗಿ, ಒಂದಿಷ್ಟೂ ಸೊಟ್ಟಗಾಗದಂತೆ.